ಬುಸುಗುಡುವ ಬೆಲ್ಟು

ನಮ್ಮ ದೊಡ್ಡಬಳ್ಳಾಪುರದಲ್ಲಿ ಸದ್ದಿನ ಜಾಡು ಹಿಡಿಯುವುದು ಸುಲಭವಲ್ಲ. ವಿದ್ಯುತ್ ಮಗ್ಗಗಳ ಲಟಪಟದ ನಡುವೆ ನನ್ನ ಸೆಕೆಂಡ್ ಹ್ಯಾಂಡ್ ಮ್ಯಾಕ್ಸಿ ಸ್ಕೂಟರಿನ ‘ಕೀಂಯ್’ ಯಾರ ಕಿವಿಗೂ ಬೀಳದು. ಕರೆಂಟ್ ಹೋದರೆ ಊರಿಗೆಲ್ಲ ಬೇಸರ, ನನಗೂ ಮೆಕ್ಯಾನಿಕ್‌ಗೂ ಹಬ್ಬ.

2018ರಲ್ಲಿ ಬರ್ಗ್‌ಮನ್ ಸ್ಟ್ರೀಟ್ ಬಂದ ಮೇಲೆ ಈ ದೊಡ್ಡ ಮೂತಿಯ ಸ್ಕೂಟರುಗಳ ಶೋಕಿ ಹೆಚ್ಚಿತು. ನನ್ನದು ಯಾವ ಕಂಪನಿಯದೆಂದು ಹೇಳೆ, ಅದಕ್ಕೂ ಮಾನವಿದೆ. ಮೂತಿ ಎಷ್ಟೇ ದೊಡ್ಡದಾದರೂ ಒಳಗಿರುವುದು 1980ರ ದಶಕದ ಕೈನೆಟಿಕ್ ಹೋಂಡಾದ ಉಪಾಯವೇ: ಎರಡು ಪುಲ್ಲಿ, ನಡುವೆ ರಬ್ಬರ್ ಬೆಲ್ಟು. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯ ರೋಲರುಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲೇರಿಸುತ್ತವೆ. ಹಿಂದಿನ ಯಜಮಾನ ರೇಸಿನ ಆಸೆಗೆ ಹಗುರ ರೋಲರು ಹಾಕಿಸಿದ್ದನಂತೆ. ಈಗ ಎಂಜಿನ್ ನಂದಿ ಬೆಟ್ಟವೇ ಕೇಳುವಂತೆ ಕಿರುಚುತ್ತದೆ, ಗಾಡಿ ಸಂತೆಗೆ ಹೊರಟ ಎಮ್ಮೆಯಂತೆ ಸಾಗುತ್ತದೆ.

“ಹೊರಡುವಾಗ ಕೀಂಯ್ ಅಂದ್ರೆ ಬೆಲ್ಟೋ ಕ್ಲಚ್ಚೋ, ನಿಲ್ಲುವಾಗ ಗರ್ರ್ ಅಂದ್ರೆ ಬೇರಿಂಗು,” ಅಂದ ಮೆಕ್ಯಾನಿಕ್.

“ಎರಡೂ ಅಂದ್ರೆ?”

“ಎರಡೂ ಖರ್ಚು ಸಾರ್.”

ಅತ್ತೆಯವರ ಪ್ರಕಾರ ಅದು ಬುಸುಗುಡುವ ಸದ್ದು, ನಾಗದೋಷ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರಬೇಕು. ಹೊತ್ತೆ. ಘಾಟಿಯ ದಾರಿಯಲ್ಲಿ ಮಗ್ಗಗಳ ಗದ್ದಲ ಹಿಂದಾಯಿತು. ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್ ಎಡಕ್ಕೆ ಬಾಗಿ ಬೆಲ್ಟಿನ ಕವರಿಗೆ ಕಿವಿಗೊಟ್ಟಿದ್ದ. ಎದುರಾದವರೊಬ್ಬರು ಗಾಬರಿಯಿಂದ, “ಯಾವ ಆಸ್ಪತ್ರೆಗೆ ಸ್ವಾಮೀ?” ಅಂದರು.

ಬೆಲ್ಟು ಸವೆದಿತ್ತು. ಬದಲಿಸಿ, ರೋಲರುಗಳನ್ನೂ ಕಂಪನಿ ತೂಕಕ್ಕೆ ತಂದೆವು. ಹೊಸ ಬೆಲ್ಟಿಗೆ ಅರಿಶಿನ ಕುಂಕುಮ ಹಚ್ಚಲು ಅತ್ತೆ ಸಿದ್ಧರಾದಾಗ ಮೆಕ್ಯಾನಿಕ್ ಹೌಹಾರಿದ: “ಜಾರುತ್ತೆ ಅಮ್ಮಾ, ಕವರಿಗೆ ಹಚ್ಚಿ!”