ನರವಿಜ್ಞಾನ ನಾಯಿಕಾಭೇದ

ಭರತಮುನಿ ನಾಟ್ಯಶಾಸ್ತ್ರದಲ್ಲಿ ನಾಯಿಕೆಯರನ್ನು ಅವಸ್ಥೆಗನುಸಾರ ಎಂಟು ಬಗೆಯಾಗಿ ವಿಂಗಡಿಸಿದ. ಮಂಗಳೂರಿನ ಕಂಕನಾಡಿಯಲ್ಲೋ ದೇರಳಕಟ್ಟೆಯಲ್ಲೋ ಯಾವುದಾದರೊಂದು ಮೆಡಿಕಲ್ ಕಾಲೇಜಿನಲ್ಲಿ ಕಿರಿಯ ಸಂಶೋಧಕರು ಒಂದು ದಿನದ ನರವಿಜ್ಞಾನ ಸಮಾವೇಶಕ್ಕೆ ಸೇರಿದಾಗ ಒಂಬತ್ತನೆಯ ಅವಸ್ಥೆ ಯಾರಲ್ಲೂ ಕಾಣುವುದಿಲ್ಲ. ನಾಯಕ ಯಾರೆಂಬಲ್ಲಿ ಮಾತ್ರ ಭಿನ್ನಮತವಿದೆ. ಗೈಡೇ ನಾಯಕ ಎಂಬುದು ಗೈಡುಗಳ ಪಕ್ಷ. ರಿಸಲ್ಟೇ ನಾಯಕ ಎಂಬುದು ಸಿದ್ಧಾಂತ. ಇನ್ನು ನಾಯಿಕೆ ಗಂಡೋ ಹೆಣ್ಣೋ ಎಂಬ ವಿಚಾರ ಇಲ್ಲಿ ಅಪ್ರಸ್ತುತ. ಫೆಲೋಶಿಪ್ಪು ಇಬ್ಬರಿಗೂ ತಡವಾಗಿಯೇ ಬರುತ್ತದೆ.

ಪೋಸ್ಟರಿನ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು, ಮಳೆಯಲ್ಲಿ ಶಿರಾಡಿ ಘಾಟಿ ಇಳಿದು ರಾತ್ರಿ ಬಸ್ಸಿನಲ್ಲಿ ಬರುವವಳು ಅಭಿಸಾರಿಕೆ. ಅದೇ ಪೋಸ್ಟರನ್ನು ಬೋರ್ಡಿಗೆ ಸಿಕ್ಕಿಸಿ, ಗೋಳಿಬಜೆಯ ತಟ್ಟೆ ಹಿಡಿದ ಜಡ್ಜು ಇತ್ತ ಬರಬಹುದೆಂದು ನಿಂತೇ ಇದ್ದರೆ ವಾಸಕಸಜ್ಜೆ. ಸ್ಯಾಂಪಲ್ಲನ್ನು ಪರವೂರ ಲ್ಯಾಬಿಗೆ ಕಳಿಸಿ ದಾರಿ ಕಾಯುವವಳು ಪ್ರೋಷಿತಪತಿಕೆ. ರಿವ್ಯೂವರನ ಮೇಲ್ ಕಾಯುವವಳು ವಿರಹೋತ್ಕಂಠಿತೆ. ಇವರು ಎಲ್ಲ ಶಾಸ್ತ್ರಗಳಲ್ಲೂ ಇದ್ದಾರೆ, ವಿಸ್ತರಿಸುವುದಿಲ್ಲ.

ಕಲಹಾಂತರಿತೆ ಮಾತ್ರ ನರವಿಜ್ಞಾನಕ್ಕೇ ವಿಶೇಷ. ಇಲಿಯ ನೆನಪಿನ ಪರೀಕ್ಷೆಗೆ ರಿಚರ್ಡ್ ಮಾರಿಸ್ ಹೂಡಿದ ನೀರಿನ ತೊಟ್ಟಿಯಲ್ಲಿ, ನೀರಡಿ ಮರೆಯಾದ ಕಟ್ಟೆಯನ್ನು ಇಲಿ ಹುಡುಕಬೇಕು. ಕೆಲವು ಇಲಿಗಳು ಹುಡುಕುವುದೇ ಇಲ್ಲ, ಸುಮ್ಮನೆ ತೇಲುತ್ತವೆ. ಅಂಥದನ್ನು ಸಿಟ್ಟಿನಿಂದ ಲೆಕ್ಕದಾಚೆ ತಳ್ಳಿ, ಥೀಸಿಸ್ ಬರೆಯುವಾಗ ‘ಅದಕ್ಕೇನೋ ಹೇಳುವುದಿತ್ತಲ್ಲ’ ಎಂದು ಹಲುಬುವವಳೇ ಇವಳು. ವಿಪ್ರಲಬ್ಧೆಯ ಸಂಕೇತಸ್ಥಾನ p-ಮೌಲ್ಯದ 0.05, ಅವಳು ಕಾದದ್ದೇ ಬಂತು, ನಾಯಕ 0.06ರಲ್ಲೇ ನಿಂತುಬಿಟ್ಟ. ತನ್ನ ರಿಸಲ್ಟು ಬೇರೆ ಲ್ಯಾಬಿನ ಪೇಪರಿನಲ್ಲಿ ಮೊದಲೇ ಬೆಳಕು ಕಂಡದ್ದನ್ನು ನೋಡಿದವಳು ಖಂಡಿತೆ. ಎಲ್ಲ ಗ್ರಾಫೂ ಹೇಳಿದಂತೆ ಕೇಳುವ ಸ್ವಾಧೀನಪತಿಕೆ ಅಪರೂಪ. ಬಲ್ಲವರು ಅವಳ ಪೋಸ್ಟರನ್ನು ಎರಡು ಸಲ ಓದುತ್ತಾರೆ.

ದೇಶಭೇದದಿಂದ ಇಲ್ಲೊಂದು ಉಪಭೇದವುಂಟು: ಒಂದೆಲಗದವರು. ತಿಮರೆ, ಅಂದರೆ ಒಂದೆಲಗದ ಚಟ್ನಿ ತಿಂದರೆ ನೆನಪು ಹೆಚ್ಚುತ್ತದೆಂಬುದು ಕರಾವಳಿಯ ಅಡುಗೆಮನೆಯ ಆಪ್ತವಾಕ್ಯ. ಮಣಿಪಾಲದ ಸಂಶೋಧಕರು ಅದರ ರಸವನ್ನು ಇಲಿಮರಿಗಳಿಗೆ ವಾರಗಟ್ಟಲೆ ಕುಡಿಸಿ, ಹಿಪ್ಪೊಕ್ಯಾಂಪಸ್ಸಿನ ನರಕೋಶಗಳಿಗೆ ಗಾಲ್ಗಿ ಬಣ್ಣ ಹಾಕಿ ಕವಲುಗಳನ್ನು ಎಣಿಸಿದರು. ಕವಲು ಹೆಚ್ಚಿದ್ದವೆಂಬ ವರದಿ 2006ರಲ್ಲಿ ಪ್ರಕಟವಾಯಿತು. ಅಜ್ಜಿಗೆ ಇದರಿಂದ ಯಾವ ಆಶ್ಚರ್ಯವೂ ಆಗಲಿಲ್ಲ.

ಸವತಿಮತ್ಸರಕ್ಕೆ ಉದಾಹರಣೆ ಆ ಬಣ್ಣದಲ್ಲೇ ಇದೆ. ಕಮಿಲ್ಲೊ ಗಾಲ್ಗಿ ಅದನ್ನು 1873ರಲ್ಲಿ ಕಂಡುಹಿಡಿದು, ಮಿದುಳೆಂದರೆ ಎಡೆಬಿಡದ ಒಂದೇ ಬಲೆ ಎಂದ. ಅದೇ ಬಣ್ಣವನ್ನು ಪಳಗಿಸಿದ ಕಹಾಲ್, ಬಿಡಿಬಿಡಿ ಕೋಶಗಳು ಎಂದ. 1906ರಲ್ಲಿ ನೊಬೆಲ್ ಇಬ್ಬರಿಗೂ ಹಂಚಿಹೋಯಿತು. ಗಾಲ್ಗಿ ತನ್ನ ನೊಬೆಲ್ ಉಪನ್ಯಾಸದಲ್ಲೇ ಕಹಾಲನ ಸಿದ್ಧಾಂತವನ್ನು ಖಂಡಿಸಿದ.

ವೇದಿಕೆಯ ಗಣ್ಯರು ನಾಯಿಕಾಭೇದಕ್ಕೆ ಸೇರಿದವರಲ್ಲ, ಅವರು ಪೂರ್ವರಂಗ. ಕಾಲಮಿತಿಯ ಯಕ್ಷಗಾನದಲ್ಲಿ ಮೇಳಗಳು ಪೂರ್ವರಂಗವನ್ನು ಮೊಟಕು ಮಾಡಿವೆ. ಸಮಾವೇಶಗಳು ಶಾಲು, ಹಾರ, ಸ್ಮರಣಿಕೆಗಳನ್ನೆಲ್ಲ ಉಳಿಸಿಕೊಂಡು ಪ್ರಸಂಗವನ್ನೇ ಮೊಟಕು ಮಾಡುತ್ತವೆ. ಆದ್ದರಿಂದ ಪ್ರಸಂಗ ಊಟದ ಹೊತ್ತಿಗೆ, ಪೋಸ್ಟರುಗಳ ಸಂದಿನಲ್ಲಿ ಸಾಗುತ್ತದೆ: ಕವಲನ್ನು ಹೀಗೆ ಎಣಿಸಿದ್ದು ತಪ್ಪೆಂದು ವಿಪ್ರಲಬ್ಧೆ ಸ್ವಾಧೀನಪತಿಕೆಯ ಮೇಲೆ ಬಿದ್ದಿದ್ದಾಳೆ, ಪ್ರಮಾಣಪತ್ರಕ್ಕೆ ಮೈಕಿನಲ್ಲಿ ಇಬ್ಬರ ಹೆಸರನ್ನೂ ಕರೆಯುತ್ತಿದ್ದಾರೆ, ಇಬ್ಬರಿಗೂ ಪುರುಸೊತ್ತಿಲ್ಲ.