ಹರಕೆಯ ಸೀರೆ

ಹರಕೆ ಹೊತ್ತವರು ನಮ್ಮ ಅತ್ತೆ. ಸೀರೆ ಉಡಬೇಕಾದವನು ನಾನು. ಮೊಮ್ಮಗಳಿಗೆ ಗಂಡು ಗೊತ್ತಾದರೆ ಅಳಿಯನಿಗೆ ಸೀರೆ ಉಡಿಸಿ ಸಂತೆಕುಡ್ಲೂರಿನ ರತಿ–ಮನ್ಮಥರ ಮುಂದೆ ನಿಲ್ಲಿಸುತ್ತೇನೆಂದು, ನನ್ನನ್ನು ಒಂದು ಮಾತೂ ಕೇಳದೆ ಬೇಡಿಕೊಂಡುಬಿಟ್ಟಿದ್ದರು. ತೆಂಗಿನಕಾಯಿಯನ್ನು ಯಾರಾದರೂ ಕೇಳಿ ಒಡೆಯುತ್ತಾರೆಯೇ?

ಆದೋನಿ ಮಂಡಲದ ಈ ಊರಲ್ಲಿ ಹೋಳಿ ಎಂದರೆ ಬಣ್ಣಕ್ಕಿಂತ ಮೊದಲು ಸೀರೆ. ಎರಡು ದಿನ ಗಂಡಸರು ಸೀರೆ ಉಟ್ಟು, ಒಡವೆ ಹೇರಿಕೊಂಡು, ಹೂ ಮುಡಿದು, ನೈವೇದ್ಯ ಹಿಡಿದು ಪೂಜೆಗೆ ಹೊರಡುತ್ತಾರೆ. ಮದುವೆ, ಮಕ್ಕಳು, ಮಳೆ, ಬೆಳೆ ಎಲ್ಲಕ್ಕೂ ಇಲ್ಲಿ ಹರಕೆ ಉಂಟು. ಬೇರೆ ಊರುಗಳಲ್ಲಿ ನಾವು ಕಾಮಣ್ಣನನ್ನು ಸುಟ್ಟು, ಬಾಯಿ ಬಡಿದುಕೊಂಡು, ಸ್ನಾನ ಮಾಡಿ ಉಂಡು ಮಲಗುತ್ತೇವೆ. ಅವನ ಹೆಂಡತಿಯ ಗತಿ ಏನಾಯಿತೆಂದು ಕೇಳುವ ಪುರುಸೊತ್ತು ನಮಗಿಲ್ಲ.

ಬಳ್ಳಾರಿಯವನಾದ ನನಗೆ ಇದು ಪರಸ್ಥಳವೇನಲ್ಲ. 1953ರಲ್ಲಿ ನಮ್ಮ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬೀಗತನ ಮಾತ್ರ ಹಂಚಿಕೆಗೆ ಸಿಗಲಿಲ್ಲ.

ಇನ್ನು ಸೀರೆ. ಅತ್ತೆಯ ಇಳಕಲ್ ಸೀರೆಯನ್ನು ಹೆಂಡತಿ ನನ್ನ ಹೊಟ್ಟೆಗೆ ಒಂದು ಸುತ್ತು ತಂದಳು. ನಿಂತಳು. ಯೋಚಿಸಿದಳು. ಉಳಿದ ಬಟ್ಟೆಯಲ್ಲಿ ಸೆರಗು ಬರಬೇಕು, ನೆರಿಗೆಯೂ ಬರಬೇಕು. “ಉಸಿರು ಒಳಗ ಎಳಕೊಳ್ರಿ” ಎಂದಳು. ಎಳೆದುಕೊಂಡೆ. ನೆರಿಗೆ ನಾಲ್ಕಾದವು. “ಇನ್ನೊಂಚೂರು.” ಎಳೆದೆ. ಐದಾದವು. ಸಿಕ್ಕಿಸಿ ಕೈ ತೆಗೆದಳು. ಉಸಿರು ಬಿಟ್ಟೆ. ಐದೂ ಒಂದರ ಹಿಂದೊಂದು ಸಾಲಾಗಿ ನೆಲಕ್ಕಿಳಿದವು. ಬಾಗಿಲಲ್ಲಿದ್ದ ಭಾಮೈದ ಬಾಯಿಗೆ ಟವೆಲ್ಲು ತುರುಕಿಕೊಂಡ. ಮತ್ತೆ ಸುತ್ತು, ಮತ್ತೆ ಉಸಿರು. ಕೊನೆಗೆ ಸೊಂಟಕ್ಕೆ ನನ್ನದೇ ಬೆಲ್ಟು ಬಿಗಿದು, ಅದರ ಮೇಲೆ ಅತ್ತೆಯ ಬೆಳ್ಳಿ ಡಾಬು ಹಾಕಿ ಮಾನ ಉಳಿಸಿದರು.

“ಬಾವ, ಮೀಸಿ ತೆಗೀತೀರೇನು?” ಎಂದ ಭಾಮೈದ.

“ಇರ್ಲಿ ಬಿಡೋ, ಗದ್ಲದಾಗ ಗುರ್ತು ಸಿಗಬೇಕಲ್ಲ” ಎಂದಳು ಅವನಕ್ಕ.

ಕನ್ನಡಿಯಲ್ಲಿ ನಮ್ಮ ದೊಡ್ಡ ಸೋದರತ್ತೆ ನಿಂತಿದ್ದರು, ಮೀಸೆ ಸಮೇತ. ಸುಳ್ಳು ಯಾಕೆ ಹೇಳಲಿ, ಲಕ್ಷಣವಾಗಿಯೇ ಇದ್ದರು. ಸೆರಗನ್ನು ಎಡಕ್ಕೆಳೆದು ನೋಡಿದೆ, ಬಲಕ್ಕೆಳೆದು ನೋಡಿದೆ, ಮಲ್ಲಿಗೆ ಇನ್ನೊಂದು ಮೊಳ ಕೇಳಿದೆ. ಹೊರಗಿನಿಂದ ಹೆಂಡತಿ, “ಇನ್ನಾ ಎಷ್ಟೊತ್ರೀ?” ಎಂದು ಕೂಗಿದಳು. ಮದುವೆಯಾದಾಗಿನಿಂದ ಆ ಮಾತು ನನ್ನದಾಗಿತ್ತು.

ಪೂಜೆ ಸಾಂಗವಾಯಿತು. ಸಿಟ್ಟು ಬಂದದ್ದು ಆಚೆ ಬಂದಾಗ. ಹೊರ ಊರಿನ ಹುಡುಗರ ಗುಂಪೊಂದು ಫೋನು ಮುಖಕ್ಕೇ ಹಿಡಿದು, “ಆಂಟೀ, ಒಂದು ಸ್ಟೆಪ್ ಹಾಕಿ” ಎಂದಿತು. ನನ್ನ ಪಕ್ಕದಲ್ಲೊಬ್ಬ, ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿದ್ದವನು, ಕೂಸಿನ ಹರಕೆಗೆಂದೇ ಕೂಲಿ ಬಿಟ್ಟು ಬಂದಿದ್ದ. ಉಟ್ಟದ್ದು ಹೆಂಡತಿಯ ಮದುವೆ ಸೀರೆ. ಅವನು ಕುಣಿಯಲಿಲ್ಲ, ಬೈಯಲೂ ಇಲ್ಲ. ಸೆರಗು ಸರಿಪಡಿಸಿಕೊಂಡು ನೈವೇದ್ಯದ ತಟ್ಟೆ ಹಿಡಿದು ಮುಂದೆ ಹೋದ. ಫೆಬ್ರವರಿ 14ರಂದು ಗುಲಾಬಿ ಹಿಡಿದು ನಿಲ್ಲುವವರನ್ನು ಯಾರೂ ‘ವಿಚಿತ್ರ ಆಚರಣೆ’ ಎಂದು ಟೀವಿಯಲ್ಲಿ ತೋರಿಸುವುದಿಲ್ಲ. ಹೆಂಡತಿಯ ಸೀರೆ ಉಟ್ಟು ಅವಳಿಗಾಗಿ ಕೈಮುಗಿದವನನ್ನು ಮಾತ್ರ ವರ್ಷವರ್ಷವೂ ತೋರಿಸುತ್ತಾರೆ.

ಹೋಳಿಗೆ ಆ ಕಡೆ ಹೋಗುವವರಿದ್ದರೆ ಸೇಫ್ಟಿ ಪಿನ್ನು ಮನೆಯಿಂದಲೇ ಒಯ್ಯಿರಿ. ಫೋನು ಬಿಟ್ಟು ಹೋಗಿ; ಸೀರೆಗೆ ಜೇಬಿರುವುದಿಲ್ಲ.