ಐದು ರೂಪಾಯಿ ಡಾಕ್ಟ್ರು, ಮೂರನೇ ದಿನದ ರೋಗಿ

ಅಲ್ಲ ಅಕ್ಕಾ, ಮೊಮ್ಮಗನ ಸೊಂಟದ ಹುಳುಕಡ್ಡಿಗೆ ಮತ್ತೆ ಅದೇ ಟ್ಯೂಬು ತಂದ್ರಂತೆ? ಹಚ್ಚಿದ ಎರಡೇ ದಿನಕ್ಕೆ ಕಡಿತ ನಿಂತಿತು ಅಂತೀರಿ. ನಿಲ್ಲುತ್ತೆ, ಯಾಕೆ ನಿಲ್ಲಲ್ಲ? ಅಂಗಡಿಯವರು ಸುಮ್ಮನೆ ಎತ್ತಿಕೊಡೋ ಅಂಥ ಎಷ್ಟೋ ಮುಲಾಮಿನಲ್ಲಿ ಸ್ಟೀರಾಯ್ಡ್ ಇರುತ್ತೆ. ಅದು ಕೆಂಪನ್ನೂ ತುರಿಕೆಯನ್ನೂ ಅದುಮುತ್ತೆ, ಒಳಗಿರೋ ಬೂಷ್ಟು ಮಾತ್ರ ಆರಾಮಾಗಿ ಹಬ್ಬುತ್ತಾ ಹೋಗುತ್ತೆ. ಹಚ್ಚೋದು ಬಿಟ್ಟ ಮೇಲೆ ನೋಡಿ, ಬಿಲ್ಲೆಯಷ್ಟಿದ್ದದ್ದು ಅಂಗೈ ಅಗಲ ಆಗಿರುತ್ತೆ. ದುಂಡಗಿದ್ದ ಅಂಚು ಕಲಸಿಹೋಗಿ, ಇದೇನು ಕಾಯಿಲೆ ಅಂತ ಡಾಕ್ಟ್ರಿಗೇ ಒಂದು ಗಳಿಗೆ ತಿಳಿಯಲ್ಲ. ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದವರಿಗೆಲ್ಲ ಸಿಗುತ್ತೆ ಅನ್ನೋದೇ ಸಂಕಟ.

ಅದೂ ಮಂಡ್ಯದ ಮಗ್ಗುಲಲ್ಲೇ ಇದ್ದುಕೊಂಡು! ಐದು ರೂಪಾಯಿ ಡಾಕ್ಟ್ರು ಶಂಕರೇಗೌಡ್ರು ಇಲ್ವಾ?

"ಆ ಜನದ ಮಧ್ಯೆ ಮಗು ಎತ್ಕೊಂಡು ಯಾರಪ್ಪ ನಿಲ್ತಾರೆ" ಅಂತೀರಿ. ನಿಜ, ಜನ ಇರ್ತಾರೆ. ಆದ್ರೆ ಅಲ್ಲಿ ಬರೋರ ಕೈಕಾಲು ಒಂದ್ಸಲ ನೋಡಿ. ಕಬ್ಬಿನ ಸೋಗೆ ಸೀಳಿದ ಮುಂಗೈ, ಗದ್ದೆ ಕೆಸರಲ್ಲಿ ನಿಂತೂ ನಿಂತೂ ಬೆರಳ ಸಂದಿ ಬೆಳ್ಳಗೆ ಬೆಂದುಹೋದ ಪಾದ. ಒಂದು ದಿನದ ಕೂಲಿ ಬಿಟ್ಟು ಬಂದವರು ಅವರು. ಮಣಿಪಾಲದ ಕಸ್ತೂರ್ಬಾ ಕಾಲೇಜಲ್ಲಿ ಓದಿದ ಚರ್ಮರೋಗ ತಜ್ಞರೊಬ್ಬರು ಅವರಿಗಾಗಿ ಮಂಡ್ಯದ ಬೀದಿ ಬದಿಯಲ್ಲಿ ಕೂತು ನೋಡ್ತಾರೆ. ಗಾಜಿನ ಬಾಗಿಲಿಲ್ಲ, ಟೋಕನ್ ಕೂಗೋ ಹುಡುಗಿ ಇಲ್ಲ. ಶಿವಳ್ಳಿಯ ರೈತರ ಮನೆಯವರು, ಬೇಸಾಯವನ್ನೂ ಬಿಟ್ಟಿಲ್ಲ. ಫೀಸು ಐದೇ ರೂಪಾಯಿ. ದಶಕಗಳಿಂದ ಅಷ್ಟೇ.

ಬೀದಿಯಲ್ಲಿ ಕೂತು ಎಂಥ ವೈದ್ಯ ಅಂತ ಮೂಗು ಮುರಿಯೋರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ಚರ್ಮದ ಕಾಯಿಲೆ ಗುರುತಿಸೋಕೆ ಬಹಳಷ್ಟು ಸಲ ಬೇಕಾಗೋದು ಎರಡೇ, ಒಳ್ಳೇ ಹಗಲ ಬೆಳಕು ಮತ್ತೆ ಪಳಗಿದ ಕಣ್ಣು. ಎರಡೂ ಅಲ್ಲಿವೆ.

ಪೇಪರಿನವರು, ಟಿವಿಯವರು ಎಲ್ಲರೂ ಆ ಐದು ರೂಪಾಯಿಯನ್ನೇ ಹೊಗಳಿದ್ದಾರೆ. ಅದು ತ್ಯಾಗ, ಅದರಲ್ಲಿ ಎರಡು ಮಾತಿಲ್ಲ. ನಾನು ನೋಡೋದು ಬೇರೆ ಕಡೆಯಿಂದ ಅಕ್ಕ. ಫೀಸೇ 400 ರೂಪಾಯಿ, ಮೇಲೆ ರಕ್ತಪರೀಕ್ಷೆ ಅಂದ್ರೆ ಕೂಲಿ ಮಾಡೋ ಹೆಣ್ಣುಮಗಳು ಏನು ಮಾಡ್ತಾಳೆ? ನಾಳೆ ನೋಡೋಣ, ಸಂಬಳ ಬರ್ಲಿ, ಹಬ್ಬ ಕಳೀಲಿ ಅಂತ ಮುಂದಕ್ಕೆ ಹಾಕ್ತಾಳೆ. ಮೂರು ದಿನದಲ್ಲಿ ತೋರಿಸಬೇಕಾದ್ದನ್ನ ಮೂರು ತಿಂಗಳಿಗೆ ತೋರಿಸ್ತಾಳೆ. ಐದು ರೂಪಾಯಿ ಅಂದ್ರೆ ಆ ಲೆಕ್ಕಾಚಾರವೇ ಬೇಡ, ಸಂತೆಗೆ ಬಂದವಳು ಹಾಗೇ ತೋರಿಸ್ಕೊಂಡು ಹೋಗ್ತಾಳೆ.

ಕುಷ್ಠದ ವಿಷಯದಲ್ಲಿ ಈ ಬೇಗ ತೋರಿಸೋದು ಎಷ್ಟು ದೊಡ್ಡದು ಗೊತ್ತಾ? ಮೊದಲು ಕಾಣೋದು ಮಾಸಲು ಮಚ್ಚೆ, ಅಷ್ಟೆ. ಕಡಿಯಲ್ಲ, ನೋಯಲ್ಲ, ಮುಟ್ಟಿದ್ರೂ ಸ್ಪರ್ಶ ತಿಳಿಯಲ್ಲ. ನೋವಿಲ್ಲದ ಮಚ್ಚೆಗೆ ನೂರಾರು ರೂಪಾಯಿ ಖರ್ಚು ಮಾಡಿ ಯಾರು ಡಾಕ್ಟ್ರ ಹತ್ರ ಹೋಗ್ತಾರೆ ಹೇಳಿ? ಆವಾಗಲೇ ಹಿಡಿದ್ರೆ ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದ್ರೆ ವಾಸಿ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತಡ ಆದ್ರೆ ನರ ಸತ್ತು ಬೆರಳು ಮಡಿಸಿಕೊಳ್ಳುತ್ತೆ, ಅಂಗಾಲಿನ ಹುಣ್ಣು ಕೊಳೀತಿದ್ರೂ ಅರಿವಾಗಲ್ಲ. ಆಮೇಲೆ ಮಾತ್ರೆ ರೋಗಾಣುವನ್ನ ಕೊಲ್ಲುತ್ತೆ, ಹೋದ ಬೆರಳನ್ನ ತಂದುಕೊಡಲ್ಲ. ರಾಷ್ಟ್ರಮಟ್ಟದ ಲೆಕ್ಕದಲ್ಲಿ ಈ ರೋಗ 2005ರ ಕೊನೆಗೆ ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ಆಯ್ತು ಅಂತ ಸರ್ಕಾರ ಸಾರಿತು. ಪೂರ್ತಿ ಹೋಗಿಲ್ಲ, ಈಗಲೂ ಹೊಸಬರಲ್ಲಿ ಕಾಣಿಸ್ಕೊಳ್ತಾನೇ ಇದೆ.

ಎಲ್ಲ ಡಾಕ್ಟ್ರೂ ಐದು ರೂಪಾಯಿ ತಗೊಳ್ಲಿ ಅಂತ ನಾನು ಹೇಳ್ತಿಲ್ಲ. ಅಂಗಡಿ ಬಾಡಿಗೆ, ನರ್ಸ್ ಸಂಬಳ, ಓದೋಕೆ ಮಾಡಿದ ಸಾಲ, ಇವೆಲ್ಲ ಹೊತ್ತವರಿಗೆ ಅದು ಆಗದ ಮಾತು. ಆದ್ರೆ ಫೀಸು ಹೆಚ್ಚಿದ್ರೂ ಹತ್ತಿರದ ಡಾಕ್ಟ್ರಿಂದ ಬೇರೆ ಲಾಭ ಇದೆ, ನಮ್ಮ ಬೀದಿ ಕೊನೆಯ ಎಂಬಿಬಿಎಸ್ ಡಾಕ್ಟ್ರನ್ನೇ ತಗೊಳ್ಳಿ. ಹಿಂದೆ ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿ, ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ, ಹೊತ್ತಿಗೆ ಒಂದು ಗೀಟು ಕುಡೀರಿ ಅಂತಿದ್ರಲ್ಲ ಕಾಂಪೌಂಡರು, ಆ ಕಾಲದ ಶಾಪು ಅದು. ನಿಮ್ಮ ಅತ್ತೆಗೆ ಉಬ್ಬಸ ಇತ್ತು, ನಿಮ್ಮ ಯಜಮಾನ್ರಿಗೆ ಸಕ್ಕರೆ ಕಾಯಿಲೆ, ಸೊಸೆಗೆ ಯಾವ ಮಾತ್ರೆ ತಗೊಂಡ್ರೆ ಮೈ ದದ್ದೇಳುತ್ತೆ, ಎಲ್ಲ ಆ ಡಾಕ್ಟ್ರ ತಲೆಯಲ್ಲಿದೆ. ದೊಡ್ಡ ಆಸ್ಪತ್ರೆಯಲ್ಲಿ ಇದನ್ನೆಲ್ಲ ಮೊದಲಿಂದ ಹೇಳ್ಬೇಕು, ಹೇಳೋಕೆ ಸಿಗೋದು ಐದು ನಿಮಿಷ.

ಎದೆನೋವಿಗೂ ಅಷ್ಟೇ, ಮೊದಲು ಓಡೋದು ಹತ್ತಿರದ ಡಾಕ್ಟ್ರ ಹತ್ರಾನೇ. ಅದಕ್ಕೇ ಮಂಗಳೂರಿನ ಹೃದಯತಜ್ಞ ಪದ್ಮನಾಭ ಕಾಮತ್ ಅವರು ಹಳ್ಳಿಗಾಡಿನ ಚಿಕ್ಕ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿದ್ದು. ಊರಿನ ಡಾಕ್ಟ್ರು ಇಸಿಜಿ ತೆಗೆದು ವಾಟ್ಸಾಪಲ್ಲಿ ಕಳಿಸಿದ್ರೆ, ಆ ಕಡೆಯಿಂದ ತಜ್ಞರು ನೋಡಿ ಏನು ಮಾಡ್ಬೇಕು ಅಂತ ಹೇಳ್ತಾರೆ. ಗ್ಯಾಸ್ಟ್ರಿಕ್ ಅಂತ ಮನೇಲಿ ಸೋಡಾ ಕುಡ್ಕೊಂಡು ಕೂರೋದಕ್ಕಿಂತ, ಯಂತ್ರ ಇರೋ ಹತ್ತಿರದ ಆಸ್ಪತ್ರೆಗೆ ಓಡೋದೇ ಮೇಲು.

ಈಗ ಹೀಗೆ ಮಾಡಿ ಅಕ್ಕ. ಆ ಟ್ಯೂಬು ಹಚ್ಚೋದು ನಿಲ್ಲಿಸಿ. ಬಿಸಾಡ್ಬೇಡಿ, ಏನು ಹಚ್ಚಿದ್ರಿ ಅಂತ ಡಾಕ್ಟ್ರಿಗೆ ಗೊತ್ತಾಗ್ಲಿ, ಜೊತೆಗೇ ತಗೊಂಡು ಹೋಗಿ. ಮನೆಯವರ ಹಳೇ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ. ಒಬ್ಬರೇ ಡಾಕ್ಟ್ರನ್ನ ಹಿಡ್ಕೊಳ್ಳಿ, ಚರ್ಮಕ್ಕೆ ಏನಾದ್ರೂ ಮೂರನೇ ದಿನಕ್ಕೇ ತೋರಿಸಿ. ಮಂಡ್ಯಕ್ಕೆ ಬೆಳಿಗ್ಗೆ ಬಸ್ಸಿದೆ. ಮಗುವಿನ ಜೊತೆ ಅದೇ ಹಾಸಿಗೆಯಲ್ಲಿ ಮಲಗೋರು, ಅದೇ ಟವೆಲ್ಲಲ್ಲಿ ಮೈ ಒರೆಸ್ಕೊಳ್ಳೋರು ಯಾರಿದ್ರೂ ಅವರನ್ನೂ ಕರ್ಕೊಂಡು ಹೋಗಿ. ಹುಳುಕಡ್ಡಿ ಮನೆಮಂದಿಗೆಲ್ಲ ಅಂಟುತ್ತೆ.